ನಿಮ್ಮ ಕಸದ ನೀರಿಗೆ ವಯಸ್ಸೆಷ್ಟು? ಲೀಚೇಟ್ ಶುದ್ಧ ಮಾಡಿ ಗ್ಯಾಸ್ ಪಡೆಯುವ ಬಗೆ

ಲೀಚೇಟ್ (ಕಸದಿಂದ ಒಸರುವ ನೀರು) ಶುದ್ಧ ಮಾಡುವ ಘಟಕ ಹಾಕಬೇಕು, ಅದರಿಂದ ಗ್ಯಾಸ್ ಬರುತ್ತದಂತೆ ಎಂದು ಯಾರಾದರೂ ಕೇಳಿಕೊಂಡು ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ನಿಮ್ಮ ಕಸದ ನೀರಿಗೆ ವಯಸ್ಸೆಷ್ಟು?

ಬೆಂಗಳೂರಿನಲ್ಲಿ ಇದಕ್ಕೆ ಎರಡು ಉತ್ತರ ಇವೆ. ಬೆಳಿಗ್ಗೆ ಸಿಗ್ನಲ್‌ನಲ್ಲಿ ನಿಂತ ಕಾಂಪ್ಯಾಕ್ಟರ್ ಲಾರಿಯ ಅಡಿಯಿಂದ ತೊಟ್ಟಿಕ್ಕುವ ನೀರು ಒಂದೆರಡು ದಿನದ್ದು. ಅನ್ನ, ಸಾರು, ತರಕಾರಿ ಸಿಪ್ಪೆ, ಬಾಡಿದ ಹೂವು ಎಲ್ಲ ಹಿಂಡಿ ಬಂದ ರಸ ಅದು. ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಕೊನೆಗೆ ಕಸ ಸುರಿಯುವುದು ನಿಂತಿತು. ಅಂಥ ಹಳೇ ಗುಡ್ಡಗಳ ಬುಡದಲ್ಲಿ ಒಸರುವ ನೀರಿನದು ಹತ್ತು ವರ್ಷ ದಾಟಿದ ವಯಸ್ಸು. ನೋಡಲು ಎರಡೂ ಕಪ್ಪು, ಎರಡೂ ನಾರುತ್ತವೆ. ಆದರೆ ಒಳಗಿನ ಸರಕೇ ಬೇರೆ. ಹೊಸ ನೀರಿನಲ್ಲಿ ಗ್ಯಾಸ್ ಇದೆ. ಹಳೇ ನೀರಿನಲ್ಲಿ ಅಮೋನಿಯಾ ಇದೆ. ಇವೆರಡನ್ನೂ ಒಂದೇ ಕೊಳದಲ್ಲಿ ಬೆರೆಸಿ, ಆಮೇಲೆ ಮಿಷನ್ ಕೆಲಸ ಮಾಡುತ್ತಿಲ್ಲ ಎಂದು ಕೊರಗುವುದನ್ನು ನಾನು ತುಂಬಾ ಕಡೆ ನೋಡಿದ್ದೇನೆ. ಹಾಗಾಗಿ ಈ ಲೇಖನದ ಉದ್ದಕ್ಕೂ ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಎರಡಕ್ಕೂ ಬೇರೆ ಬೇರೆ ಪೈಪು, ಬೇರೆ ಬೇರೆ ಸಂಪು.

ದಿನಕ್ಕೆ ಕೆಲವು ಸಾವಿರದಿಂದ ಇಪ್ಪತ್ತು ಸಾವಿರ ಲೀಟರ್ ಲೀಚೇಟ್ ಬರುವ ಕಡೆ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಕಾಂಪೋಸ್ಟ್ ಘಟಕ, ಕಸ ವರ್ಗಾವಣೆ ಕೇಂದ್ರ, ಭೂಭರ್ತಿ ಪಕ್ಕದ ಪಂಚಾಯಿತಿ, ಇಂಥ ಕಡೆ. ಎಂಜಿನಿಯರಿಂಗ್ ಓದುವ ಮಕ್ಕಳಿಗೂ ಉಪಯೋಗಕ್ಕೆ ಬರಬಹುದು.

ಮೊದಲು ವಯಸ್ಸು ಅಳೆಯಿರಿ

ಒಂದು ಬಾಟಲಿ ನೀರು ತೆಗೆದುಕೊಂಡು ಹೋಗಿ ಒಂದು ರಿಪೋರ್ಟ್ ತಂದರೆ ಸಾಲದು. ಕಡಿಮೆ ಎಂದರೂ ಮೂರು ವಾರ ಮಾದರಿ ತೆಗೆಯಿರಿ. ಒಂದೇ ದಿನದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸ್ವಲ್ಪ ಸ್ವಲ್ಪ ತೆಗೆದು ಕೂಡಿಸಿ. ಐಸ್ ಹಾಕಿದ ಡಬ್ಬಿಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ತಲುಪಿಸಿ. ಬಿಸಿಲಲ್ಲಿ ಒಂದು ದಿನ ಇಟ್ಟರೆ ಬಾಟಲಿಯೊಳಗೇ ಸೂಕ್ಷ್ಮಜೀವಿಗಳು ಅರ್ಧ ಕೆಲಸ ಮುಗಿಸಿರುತ್ತವೆ, ರಿಪೋರ್ಟ್ ಸುಳ್ಳಾಗುತ್ತದೆ.

ಯಾವ ಪರೀಕ್ಷೆ ಬೇಕು? ಪಿಎಚ್ (ನೀರು ಹುಳಿಯೋ ಕ್ಷಾರವೋ ಎಂಬ ಅಳತೆ), ಸಿಓಡಿ, ಬಿಓಡಿ, ಅಮೋನಿಯಾ ಸಾರಜನಕ, ಕ್ಷಾರತೆ (ಹುಳಿಯನ್ನು ತಡೆದುಕೊಳ್ಳುವ ಶಕ್ತಿ), ಬೇಗ ಆವಿಯಾಗುವ ಕೊಬ್ಬಿನ ಆಮ್ಲಗಳು (ಲ್ಯಾಬಿನವರು ವಿಎಫ್‌ಎ ಎನ್ನುತ್ತಾರೆ), ತೇಲುವ ಘನವಸ್ತು, ಕ್ಲೋರೈಡ್, ಕ್ಯಾಲ್ಸಿಯಂ, ಸಲ್ಫೇಟ್, ರಂಜಕ. ಒಂದು ಸಲ ಭಾರಲೋಹಗಳನ್ನೂ ನೋಡಿಸಿ.

ಸಿಓಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನೆಲ್ಲ ರಾಸಾಯನಿಕದಿಂದ ಸುಡಲು ಎಷ್ಟು ಆಮ್ಲಜನಕ ಬೇಕು ಎಂಬ ಲೆಕ್ಕ. ಬಿಓಡಿ ಎಂದರೆ ಅದರಲ್ಲಿ ಸೂಕ್ಷ್ಮಜೀವಿಗಳು ತಿನ್ನಬಲ್ಲ ಪಾಲು. ಬಿಓಡಿಯನ್ನು ಸಿಓಡಿಯಿಂದ ಭಾಗಿಸಿ. ಅರ್ಧಕ್ಕಿಂತ ಜಾಸ್ತಿ ಬಂದರೆ ನೀರು ಹೊಸದು. ಅಂಥದ್ದರಲ್ಲಿ ಪಿಎಚ್ ಸಾಮಾನ್ಯವಾಗಿ 6ರ ಆಸುಪಾಸು, ಸಿಓಡಿ ಲೀಟರಿಗೆ 20,000ದಿಂದ 60,000 ಮಿಲಿಗ್ರಾಂ ಇರುವುದು ಅಪರೂಪವೇನಲ್ಲ. ಭಾಗಲಬ್ಧ 0.1ಕ್ಕಿಂತ ಕಡಿಮೆ ಬಂದರೆ ನೀರು ಹಳೇದು. ಪಿಎಚ್ 7.5 ದಾಟಿರುತ್ತದೆ, ಸಿಓಡಿ ನಾಲ್ಕೈದು ಸಾವಿರದ ಒಳಗೆ ಇಳಿದಿರುತ್ತದೆ, ಅಮೋನಿಯಾ ಮಾತ್ರ ಸಾವಿರ, ಎರಡು ಸಾವಿರ ಮಿಲಿಗ್ರಾಂ ಹಾಗೇ ಉಳಿದಿರುತ್ತದೆ. ಕೊಳೆತು ಹೋಗುವಂಥದ್ದೆಲ್ಲ ಗುಡ್ಡದೊಳಗೇ ಕೊಳೆತಾಗಿದೆ ಎಂದರ್ಥ.

ಒಂದು ಎಚ್ಚರಿಕೆ. ನಮ್ಮ ಊಟದಲ್ಲಿ ಉಪ್ಪು ಜಾಸ್ತಿ, ಉಪ್ಪಿನಕಾಯಿ ಬೇರೆ. ಹಾಗಾಗಿ ಲೀಚೇಟ್‌ನಲ್ಲಿ ಕ್ಲೋರೈಡ್ ತುಂಬಾ ಇರುತ್ತದೆ. ಕ್ಲೋರೈಡ್ ಇದ್ದರೆ ಸಿಓಡಿ ಪರೀಕ್ಷೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅದನ್ನು ತಡೆಯಲು ಮರ್ಕ್ಯುರಿಕ್ ಸಲ್ಫೇಟ್ ಸರಿಯಾದ ಪ್ರಮಾಣದಲ್ಲಿ ಹಾಕಿದ್ದಾರೆಯೇ ಎಂದು ಲ್ಯಾಬಿನವರನ್ನು ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಗ್ಯಾಸ್ ಎಷ್ಟು ಬರುತ್ತದೆ? ಕಾಗದದ ಮೇಲೆ ಹಾಕಿ ನೋಡಿ

ಟೆಂಡರ್ ಕರೆಯುವ ಮೊದಲು ಈ ಲೆಕ್ಕ ಮಾಡಿ. ಒಂದು ಹಾಳೆ ಸಾಕು.

ಒಂದು ಕಿಲೋ ಸಿಓಡಿ ಆಮ್ಲಜನಕವಿಲ್ಲದೆ ಕೊಳೆತರೆ 0.35 ಘನ ಮೀಟರ್ ಮೀಥೇನ್ ಬರುತ್ತದೆ. ಇದು ಪ್ರಕೃತಿ ಹಾಕಿದ ಮಿತಿ, ಇದಕ್ಕಿಂತ ಜಾಸ್ತಿ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಒಂದು ಘನ ಮೀಟರ್ ಮೀಥೇನ್‌ನಲ್ಲಿ ಸುಮಾರು 10 ಯೂನಿಟ್ (ಕರೆಂಟ್ ಬಿಲ್ಲಿನ ಅದೇ ಯೂನಿಟ್, ಕಿಲೋವ್ಯಾಟ್ ಗಂಟೆ) ಶಾಖ ಇರುತ್ತದೆ.

ಈಗ ದಿನಕ್ಕೆ 20,000 ಲೀಟರ್ ಹೊಸ ಲೀಚೇಟ್ ಇದೆ, ಸಿಓಡಿ 30,000 ಎಂದಿಟ್ಟುಕೊಳ್ಳಿ. ಅಂದರೆ ದಿನಕ್ಕೆ 600 ಕಿಲೋ ಸಿಓಡಿ. ಅದರಲ್ಲಿ ನೂರಕ್ಕೆ 80 ಪಾಲು ಹೋದರೆ 480 ಕಿಲೋ. ಮೀಥೇನ್ 168 ಘನ ಮೀಟರ್. ಶಾಖದ ಲೆಕ್ಕದಲ್ಲಿ 1,680 ಯೂನಿಟ್. ಮನೆಯ 14.2 ಕಿಲೋ ಎಲ್‌ಪಿಜಿ ಸಿಲಿಂಡರಿನಲ್ಲಿ ಸುಮಾರು 180 ಯೂನಿಟ್ ಶಾಖ ಇರುತ್ತದೆ, ಅಂದರೆ ದಿನಕ್ಕೆ 9 ಸಿಲಿಂಡರ್! ಎಂಜಿನ್ ಇಟ್ಟು ಕರೆಂಟ್ ಮಾಡಿದರೆ ಅದರ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಸಿಗುತ್ತದೆ, 500 ಯೂನಿಟ್ ಎಂದುಕೊಳ್ಳಿ.

ಅದೇ 20,000 ಲೀಟರ್ ಹಳೇ ನೀರು ತೆಗೆದುಕೊಳ್ಳಿ. ಸಿಓಡಿ 3,000. ದಿನಕ್ಕೆ 60 ಕಿಲೋ. ಅದರಲ್ಲಿ ಸೂಕ್ಷ್ಮಜೀವಿಗಳಿಗೆ ತಿನ್ನಲು ಸಿಗುವುದು ಹತ್ತು ಕಿಲೋಗಿಂತ ಕಡಿಮೆ. ಮೀಥೇನ್ 3 ಘನ ಮೀಟರ್. ಇದಕ್ಕಾಗಿ ರಿಯಾಕ್ಟರ್ (ಗಾಳಿಯಿಲ್ಲದೆ ಕೊಳೆಸಿ ಗ್ಯಾಸ್ ಮಾಡುವ ಮುಚ್ಚಿದ ತೊಟ್ಟಿ) ಕಟ್ಟುವುದು ದಂಡ. ಅದರ ಮೇಲೆ ಅಮೋನಿಯಾ 1,500 ಮಿಲಿಗ್ರಾಂ ಇದ್ದರೆ ದಿನಕ್ಕೆ 30 ಕಿಲೋ ಸಾರಜನಕ. ಅದನ್ನು ನೈಟ್ರೇಟ್ ಮಾಡಲು ಒಂದು ಕಿಲೋಗೆ 4.57 ಕಿಲೋ ಆಮ್ಲಜನಕ ಬೇಕು, ಒಟ್ಟು 137 ಕಿಲೋ. ಬ್ಲೋವರ್‌ನಿಂದ ಅಷ್ಟು ಗಾಳಿ ಊದಲು ದಿನಕ್ಕೆ ಸುಮಾರು ನೂರು ಯೂನಿಟ್ ಕರೆಂಟ್ ಹೋಗುತ್ತದೆ.

ಹೊಸ ನೀರು ಶಕ್ತಿ ಕೊಡುತ್ತದೆ, ಹಳೇ ನೀರು ಶಕ್ತಿ ಕೇಳುತ್ತದೆ. ಎರಡನ್ನೂ ಬೆರೆಸಿದರೆ ಗ್ಯಾಸ್ ಕೂಡ ತೆಳುವಾಗುತ್ತದೆ, ಅಮೋನಿಯಾ ಕೂಡ ಉಳಿಯುತ್ತದೆ. ಬೇರೆ ಪೈಪು ಎಂದಿದ್ದು ಇದಕ್ಕೇ.

ಮಳೆ ನೀರನ್ನು ದೂರ ಇಡಿ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಒಂದು ಎಕರೆ ತೆರೆದ ಅಂಗಳದ ಮೇಲೆ ಅದು 39 ಲಕ್ಷ ಲೀಟರ್. ಸೆಪ್ಟೆಂಬರಿನ ಒಂದು ಸಂಜೆ 50 ಮಿಲಿಮೀಟರ್ ಸುರಿದರೆ ಆ ಒಂದು ಎಕರೆಗೆ 2 ಲಕ್ಷ ಲೀಟರ್ ಬಿತ್ತು. ಮೇಲಿನ ಘಟಕಕ್ಕೆ ಅದು ಹತ್ತು ದಿನದ ನೀರು, ಒಂದೇ ಸಂಜೆಗೆ.

ಹಾಗಾಗಿ ರಿಯಾಕ್ಟರಿಗೆ ಖರ್ಚು ಮಾಡುವ ಮೊದಲು ತಗಡಿನ ಸೂರಿಗೆ ಖರ್ಚು ಮಾಡಿ. ಕಸ ಇಳಿಸುವ ಜಾಗ, ಕಾಂಪೋಸ್ಟ್ ಸಾಲುಗಳು, ಲೀಚೇಟ್ ಹರಿಯುವ ಕಾಲುವೆ, ಎಲ್ಲಕ್ಕೂ ಮುಚ್ಚಿಗೆ ಬೇಕು. ಸೂರಿನ ನೀರು ಬೇರೆ ಚರಂಡಿಗೆ ಹೋಗಬೇಕು. ಅಂಗಳದ ಸುತ್ತ ಅರ್ಧ ಅಡಿ ಕಟ್ಟೆ ಕಟ್ಟಿದರೆ ಹೊರಗಿನ ನೀರು ಒಳಗೆ ಬರುವುದಿಲ್ಲ. ಹಳೇ ಗುಡ್ಡವಾದರೆ ಮೇಲೆ ಮಣ್ಣಿನ ಇಳಿಜಾರು, ಪ್ಲಾಸ್ಟಿಕ್ ಹಾಸು. ಇದರಲ್ಲಿ ಯಾವ ವಿಜ್ಞಾನವೂ ಕಾಣುವುದಿಲ್ಲ, ಉದ್ಘಾಟನೆಗೆ ರಿಬ್ಬನ್ ಕಟ್ಟುವಂಥದ್ದೂ ಅಲ್ಲ. ಆದರೆ ಲೀಚೇಟ್ ಕಡಿಮೆ ಮಾಡಲು ಇದಕ್ಕಿಂತ ಅಗ್ಗದ ದಾರಿ ನನಗೆ ಗೊತ್ತಿಲ್ಲ.

ನಗರದ ಉತ್ತರ ಭಾಗದ ಹಳೇ ಕಲ್ಲುಕ್ವಾರಿಗಳಲ್ಲಿ ಕಸ ತುಂಬಿರುವುದು ನಿಮಗೆ ಗೊತ್ತು. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಸುತ್ತ ಇರುವುದೆಲ್ಲ ಗಟ್ಟಿ ಬಂಡೆ. ಬಂಡೆ ನೀರು ಬಿಡುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಬೋರ್‌ವೆಲ್‌ಗಳಿಗೆ ನೀರು ಬರುವುದೇ ಬಂಡೆಯ ಬಿರುಕುಗಳಿಂದ, ಅಲ್ವಾ? ಅದೇ ಬಿರುಕಿನಲ್ಲಿ ಲೀಚೇಟ್ ಕೂಡ ಹರಿಯಬಲ್ಲದು. ಸುತ್ತಲಿನ ಬೋರ್‌ವೆಲ್‌ಗಳ ನೀರನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಕ್ಲೋರೈಡ್ ಮತ್ತು ಅಮೋನಿಯಾಗೆ ಪರೀಕ್ಷೆ ಮಾಡಿಸಿ. ಆ ನೀರು ಕುಡಿಯುವ ಹಳ್ಳಿಯವರಿಗೆ ರಿಪೋರ್ಟ್ ಕೊಡಿ. ಕನ್ನಡದಲ್ಲಿ ಕೊಡಿ.

ರಿಯಾಕ್ಟರಿಗೆ ಹೋಗುವ ಮುಂಚೆ

ಎರಡು ಜರಡಿ ಬೇಕು. ಒಂದು ದಪ್ಪನೆಯದು, ಕವರ್, ಎಳನೀರು ಬುರುಡೆ ಚೂರು, ಬಾಳೆ ನಾರು ತಡೆಯಲು. ಇನ್ನೊಂದು ಎರಡು ಮೂರು ಮಿಲಿಮೀಟರಿನದು. ಮರಳು ಕೂರಲು ಸಣ್ಣ ತೊಟ್ಟಿ. ಹೋಟೆಲ್ ಕಸ ಜಾಸ್ತಿ ಬಂದರೆ ಎಣ್ಣೆ ತೆಗೆಯುವ ತೊಟ್ಟಿಯೂ ಬೇಕು, ಎಣ್ಣೆ ಒಳಗೆ ಹೋದರೆ ಕೆಸರಿನ ಮೇಲೆ ಪದರ ಕಟ್ಟಿ ಅದನ್ನು ತೇಲಿಸಿಬಿಡುತ್ತದೆ. ಆಮೇಲೆ ಎರಡು ದಿನದ ನೀರು ಹಿಡಿಯುವ ಮುಚ್ಚಿದ ಸಂಪು. ಹೊರಗಿನ ಏರಿಳಿತವನ್ನು ಈ ಸಂಪು ನುಂಗಿಕೊಳ್ಳಬೇಕು, ರಿಯಾಕ್ಟರಿಗೆ ಅದು ಗೊತ್ತೇ ಆಗಬಾರದು.

ರಿಯಾಕ್ಟರ್ ಮತ್ತು ಹೆಪ್ಪು

ದ್ರವ ತ್ಯಾಜ್ಯದಿಂದ ಗ್ಯಾಸ್ ತೆಗೆಯಲು ನಮ್ಮ ದೇಶದಲ್ಲಿ ತುಂಬಾ ಕಡೆ ಬಳಕೆಯಲ್ಲಿರುವುದು ಅಪ್‌ಫ್ಲೋ ಅನೇರೋಬಿಕ್ ಸ್ಲಡ್ಜ್ ಬ್ಲಾಂಕೆಟ್ ರಿಯಾಕ್ಟರ್, ಚುಟುಕಾಗಿ ಯುಎಎಸ್‌ಬಿ. ನೆದರ್ಲೆಂಡ್ಸ್‌ನ ಗಾಟ್ಜೆ ಲೆಟಿಂಗಾ ಮತ್ತು ಜೊತೆಗಾರರು 1970ರ ದಶಕದಲ್ಲಿ ಬೆಳೆಸಿದ ವಿಧಾನ. ನೀರು ಕೆಳಗಿನಿಂದ ನಿಧಾನಕ್ಕೆ ಮೇಲೇರುತ್ತದೆ. ಅಡಿಯಲ್ಲಿ ಸೂಕ್ಷ್ಮಜೀವಿಗಳ ದಪ್ಪ ಕೆಸರು ಇರುತ್ತದೆ. ನೀರು ಅದನ್ನು ದಾಟುವಾಗ ಕೊಳೆ ಕರಗಿ ಗ್ಯಾಸ್ ಆಗುತ್ತದೆ. ಮೇಲಿನ ಟೋಪಿಯಂಥ ಭಾಗದಲ್ಲಿ ಗ್ಯಾಸ್, ನೀರು, ಕೆಸರು ಮೂರೂ ಬೇರೆಯಾಗುತ್ತವೆ. ಗಾಳಿ ಊದುವ ಮೋಟಾರ್ ಇಲ್ಲ, ತಿರುಗುವ ಕಡ್ಡಿ ಇಲ್ಲ.

ನಮ್ಮ ಉದಾಹರಣೆಯ 600 ಕಿಲೋಗೆ ಒಂದು ಘನ ಮೀಟರಿಗೆ ದಿನಕ್ಕೆ 5 ಕಿಲೋ ಎಂದು ಇಟ್ಟರೆ 120 ಘನ ಮೀಟರ್ ರಿಯಾಕ್ಟರ್ ಸಾಕು. ನೀರು ಒಳಗೆ ಆರು ದಿನ ಇರುತ್ತದೆ. ಎತ್ತರ 6 ಮೀಟರ್ ಇಟ್ಟರೆ ತಳ 20 ಚದರ ಮೀಟರ್. ಇಲ್ಲಿ ಒಂದು ತೊಡಕಿದೆ. ಲೀಚೇಟ್ ತುಂಬಾ ಗಟ್ಟಿ, ಆದರೆ ಪ್ರಮಾಣ ಕಡಿಮೆ. ದಿನಕ್ಕೆ 20 ಘನ ಮೀಟರ್ ಬಿಟ್ಟರೆ ನೀರು ದಿನಕ್ಕೆ ಒಂದೇ ಮೀಟರ್ ಏರುತ್ತದೆ. ಕೆಸರು ಅಲ್ಲಾಡುವುದೇ ಇಲ್ಲ, ಮೂಲೆಯಲ್ಲಿ ದಾರಿ ಮಾಡಿಕೊಂಡು ನೀರು ಹೊರಟುಬಿಡುತ್ತದೆ. ಗಂಟೆಗೆ ಅರ್ಧ ಮೀಟರ್ ಏರಬೇಕಾದರೆ ಮೇಲಿನ ನೀರನ್ನೇ ಗಂಟೆಗೆ 10 ಘನ ಮೀಟರ್‌ನಂತೆ ಮತ್ತೆ ಕೆಳಗೆ ಬಿಡಬೇಕು. ಇದಕ್ಕೊಂದು ಪಂಪ್ ಇರಲೇಬೇಕು, ಅದಕ್ಕೊಂದು ಜೋಡಿ ಪಂಪೂ ಇರಬೇಕು. ಹೀಗೆ ಮರಳಿ ಬಿಡುವುದರಿಂದ ಹುಳಿ ನೀರಿಗೆ ಕ್ಷಾರ ಸೇರುವ ಲಾಭವೂ ಇದೆ.

ಇನ್ನು ಹೆಪ್ಪು. ಹಾಲಿಗೆ ಹೆಪ್ಪಿಲ್ಲದೆ ಮೊಸರಾಗುವುದಿಲ್ಲ, ಇಲ್ಲೂ ಹಾಗೇ. ಕೆಲಸ ಮಾಡುತ್ತಿರುವ ಇನ್ನೊಂದು ಡೈಜೆಸ್ಟರಿನ (ಇಂಥದ್ದೇ ಗ್ಯಾಸ್ ತೊಟ್ಟಿಯ) ಕೆಸರು ಎಲ್ಲಕ್ಕಿಂತ ಒಳ್ಳೆಯದು. ಬಯೋಮೀಥನೈಸೇಷನ್ ಘಟಕ, ದೊಡ್ಡ ಎಸ್‌ಟಿಪಿಯ ಕೆಸರಿನ ಡೈಜೆಸ್ಟರ್, ಡಿಸ್ಟಿಲರಿಯ ರಿಯಾಕ್ಟರ್, ಇಂಥ ಕಡೆ ವಿಚಾರಿಸಿ. ಒಟ್ಟು ಗಾತ್ರದ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಬೇಕು. ಸಿಗದಿದ್ದರೆ ಯಲಹಂಕ, ದೊಡ್ಡಬಳ್ಳಾಪುರ ಕಡೆ ಹಾಲಿನ ಕೊಟ್ಟಿಗೆಗಳಿಂದ ಸಗಣಿ ತನ್ನಿ. ಸಗಣಿಯಿಂದಲೂ ಆಗುತ್ತದೆ, ಆದರೆ ತಿಂಗಳುಗಟ್ಟಲೆ ಜಾಸ್ತಿ ಸಮಯ ಹಿಡಿಯುತ್ತದೆ. ನಾರು, ಹುಲ್ಲು ಸೋಸಿ ಹಾಕಿ.

ಊಟ ಹಾಕುವ ಕ್ರಮ

ನಿಜವಾದ ಕೆಲಸ ಇಲ್ಲಿದೆ.

ರಿಯಾಕ್ಟರೊಳಗೆ ಎರಡು ಬಗೆಯ ಜೀವಿಗಳಿವೆ ಎಂದು ಸರಳವಾಗಿ ತಿಳಿಯಿರಿ. ಒಂದು ಬಳಗ ಕೊಳೆಯನ್ನು ಒಡೆದು ಹುಳಿ ಮಾಡುತ್ತದೆ. ಇನ್ನೊಂದು ಆ ಹುಳಿಯನ್ನು ತಿಂದು ಮೀಥೇನ್ ಮಾಡುತ್ತದೆ. ಹುಳಿ ಮಾಡುವವು ಗಟ್ಟಿಮುಟ್ಟು, ಬೇಗ ಬೆಳೆಯುತ್ತವೆ. ಮೀಥೇನ್ ಮಾಡುವವು ನಿಧಾನ, ಸೂಕ್ಷ್ಮ. ಅವಕ್ಕೆ ಪಿಎಚ್ 6.8ರಿಂದ 7.4ರ ಒಳಗೇ ಇರಬೇಕು. ಊಟ ಒಮ್ಮೆಲೇ ಜಾಸ್ತಿಯಾದರೆ ಮೊದಲ ಬಳಗ ಹುಳಿ ಸುರಿಯುತ್ತಾ ಹೋಗುತ್ತದೆ, ಎರಡನೆಯದಕ್ಕೆ ತಿಂದು ಮುಗಿಸಲು ಆಗುವುದಿಲ್ಲ. ಹುಳಿ ಏರಿದಷ್ಟೂ ಅದು ಇನ್ನೂ ಸೋಲುತ್ತದೆ.

ಹಾಗಾಗಿ ಶುರುವಿನಲ್ಲಿ ಒಂದು ಘನ ಮೀಟರಿಗೆ ದಿನಕ್ಕೆ ಒಂದು ಕಿಲೋ ಸಿಓಡಿ. ನಮ್ಮ 120 ಘನ ಮೀಟರಿಗೆ 120 ಕಿಲೋ, ಅಂದರೆ ಬರೀ 4,000 ಲೀಟರ್ ಲೀಚೇಟ್. ಉಳಿದದ್ದನ್ನು ಏನು ಮಾಡಬೇಕು ಎಂಬ ಏರ್ಪಾಡು ಮೊದಲೇ ಇರಲಿ. ಎರಡು ವಾರ ಹಾಗೇ ನಡೆಸಿ. ಎಲ್ಲ ಸರಿ ಇದ್ದರೆ ಆಮೇಲೆ ವಾರಕ್ಕೆ ಹತ್ತರಲ್ಲಿ ಎರಡು ಪಾಲಿನಷ್ಟು ಏರಿಸಿ, ಅದಕ್ಕಿಂತ ಜಾಸ್ತಿ ಬೇಡ. ಒಂದೇ ಸಲ ಸುರಿಯುವುದಕ್ಕಿಂತ ದಿನವಿಡೀ ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುವುದು ಒಳ್ಳೆಯದು. ಟೈಮರ್ ಹಾಕಿದರೆ ಕಷ್ಟವೇನಿಲ್ಲ.

ಏರಿಸಬಹುದೋ ಬೇಡವೋ ಎಂದು ಹೇಳುವುದು ಒಂದು ಸರಳ ಅಳತೆ. ರಿಯಾಕ್ಟರಿನ ನೀರಿನಲ್ಲಿ ಹುಳಿಯ ಪ್ರಮಾಣವನ್ನು ಕ್ಷಾರತೆಯಿಂದ ಭಾಗಿಸಿ. ಬ್ಯುರೆಟ್, ಪಿಎಚ್ ಮೀಟರ್, ತೆಳು ಗಂಧಕಾಮ್ಲ ಇದ್ದರೆ ಘಟಕದಲ್ಲೇ ಇಪ್ಪತ್ತು ನಿಮಿಷದ ಕೆಲಸ. ಪಿಯುಸಿ ವಿಜ್ಞಾನ ಓದಿದ ಹುಡುಗ ಹುಡುಗಿಯರಿಗೆ ಒಂದು ದಿನದಲ್ಲಿ ಕಲಿಸಬಹುದು. 0.3ರ ಒಳಗಿದ್ದರೆ ನಿಶ್ಚಿಂತೆ. 0.4 ಬಂದರೆ ಏರಿಸುವುದು ನಿಲ್ಲಿಸಿ. 0.5 ದಾಟಿದರೆ ಊಟವನ್ನೇ ನಿಲ್ಲಿಸಿ, ಮರುಹರಿವು ಮಾತ್ರ ನಡೆಯಲಿ. ಪಿಎಚ್ ನೋಡಿಕೊಂಡು ಕೂತರೆ ತಡವಾಗುತ್ತದೆ. ಕ್ಷಾರ ಇರುವವರೆಗೂ ಪಿಎಚ್ ಅಲ್ಲಾಡುವುದಿಲ್ಲ, ಅದು ಖಾಲಿಯಾದ ದಿನ ಧಡಕ್ಕನೆ ಬೀಳುತ್ತದೆ.

ಇದನ್ನು ನಾನು ಕಲಿತದ್ದು ಕಷ್ಟಪಟ್ಟೇ. ನಗರದ ಹೊರಗಿನ ಒಂದು ಘಟಕದಲ್ಲಿ ಕೆಲಸ ಮಾಡುತ್ತಿದ್ದೆ. ಆಯುಧಪೂಜೆ ಮುಗಿದ ಮರುದಿನ. ನಿಮಗೆ ಗೊತ್ತಲ್ಲ, ಅಂದು ಊರೆಲ್ಲ ಒಡೆದ ಬೂದುಗುಂಬಳ, ಬಾಳೆಕಂದು, ಸೇವಂತಿಗೆ. ಲೋಡಿನ ಮೇಲೆ ಲೋಡು ಬಂತು. ಬೂದುಗುಂಬಳದಲ್ಲಿ ಇರುವುದೇ ನೀರು. ಸಂಜೆಗೆ ಸಂಪು ತುಂಬಿ ಹರಿಯುವಂತಾಯಿತು. ಹೊರಗೆ ಹರಿಯಬಾರದು ಎಂಬ ಆತಂಕದಲ್ಲಿ ಎರಡು ದಿನ ದುಪ್ಪಟ್ಟು ನೀರು ರಿಯಾಕ್ಟರಿಗೆ ಬಿಡಿಸಿದೆ. ಮೂರನೇ ದಿನ ಗ್ಯಾಸ್ ಒಲೆ ನೋಡಿಕೊಳ್ಳುತ್ತಿದ್ದ ಹುಡುಗ ಬಂದು, "ಸಾರ್, ಹತ್ತಿಸಿದ್ರೆ ಹತ್ತುತ್ತೆ, ಆದ್ರೆ ಉರಿ ನಿಲ್ತಿಲ್ಲ" ಎಂದ. ಗ್ಯಾಸ್ ಬರುತ್ತಿತ್ತು, ಆದರೆ ಅದರಲ್ಲಿ ಇಂಗಾಲದ ಡೈಆಕ್ಸೈಡೇ ಜಾಸ್ತಿಯಾಗಿತ್ತು. ಮಧ್ಯಾಹ್ನ ಅಳೆದರೆ ಪಿಎಚ್ 6.1. ರಿಯಾಕ್ಟರ್ ಮತ್ತೆ ಮೊದಲಿನ ಹಾಗೆ ಆಗಲು ಏಳು ವಾರ ಹಿಡಿಯಿತು. ಆ ಏಳು ವಾರ ಟ್ಯಾಂಕರ್‌ನಲ್ಲಿ ನೀರು ಹೊರಗೆ ಸಾಗಿಸಬೇಕಾಯಿತು. ಅಂದಿನಿಂದ ಹಬ್ಬಕ್ಕೆ ಎರಡು ವಾರ ಮುಂಚೆಯೇ ಸಂಪು ಖಾಲಿ ಮಾಡಿಡುತ್ತೇನೆ. ಹುಡುಗನ ಮಾತನ್ನೂ ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಒಲೆಯ ಉರಿ ಎಂಥದ್ದು ಎಂದು ದಿನಾ ನೋಡುವವರು ಮೀಟರಿಗಿಂತ ಮೊದಲೇ ಹೇಳುತ್ತಾರೆ.

ಹುಳಿಯಾದಾಗ ಸುಣ್ಣ ಸುರಿಯಬೇಡಿ. ಅದು ತಳದಲ್ಲಿ ಗಟ್ಟಿ ಕಲ್ಲಾಗಿ ಕೂರುತ್ತದೆ. ಅಡುಗೆ ಸೋಡಾ ವಾಸಿ, ಕರಗಿಸಿ ಸ್ವಲ್ಪ ಸ್ವಲ್ಪ ಬಿಡಿ. ಹೇಗೂ ಲೀಚೇಟ್‌ನಲ್ಲಿ ಕ್ಯಾಲ್ಸಿಯಂ ಜಾಸ್ತಿ. ಬೋರ್ ನೀರಿಗೆ ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಥರ ಪೈಪೊಳಗೂ ಕೆಸರಿನ ಕಾಳುಗಳ ಮೇಲೂ ಕಟ್ಟುತ್ತದೆ. ಪೈಪಿನ ತಿರುವುಗಳಲ್ಲಿ ಬಿಚ್ಚುವ ಜೋಡಣೆ ಇಡಿಸಿ, ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡಿ.

ಇನ್ನೂ ಮೂರು ವಿಷಯ ಬೇಗ ಹೇಳುತ್ತೇನೆ. ಲೀಚೇಟ್‌ನಲ್ಲಿ ರಂಜಕ ಸಾಮಾನ್ಯವಾಗಿ ಕಡಿಮೆ, ರಿಪೋರ್ಟ್ ನೋಡಿ ಫಾಸ್ಫಾರಿಕ್ ಆಮ್ಲ ಸ್ವಲ್ಪ ಸೇರಿಸಿ. ಅಮೋನಿಯಾ ಸಾರಜನಕ ಲೀಟರಿಗೆ 3,000 ಮಿಲಿಗ್ರಾಂ ಹತ್ತಿರ ಬಂದರೆ ಮೀಥೇನ್ ಬಳಗ ಸೊರಗುತ್ತದೆ, ಪಿಎಚ್ ಏರಿದ್ದರೆ ಇನ್ನೂ ಮೊದಲೇ. ಮೂರನೆಯದು ಚಳಿ. ನಮ್ಮಲ್ಲಿ ಜನವರಿಯ ರಾತ್ರಿ 15, 16 ಡಿಗ್ರಿಗೆ ಇಳಿಯುತ್ತದೆ, ಈ ಜೀವಿಗಳಿಗೆ ಬೇಕಾದದ್ದು 30ರಿಂದ 37. ಒಳಬರುವ 20,000 ಲೀಟರನ್ನು 10 ಡಿಗ್ರಿ ಬಿಸಿ ಮಾಡಲು ಸುಮಾರು 230 ಯೂನಿಟ್ ಶಾಖ ಬೇಕು. ಬರುವ ಗ್ಯಾಸಿನ ಏಳರಲ್ಲಿ ಒಂದು ಪಾಲಿಗಿಂತ ಕಡಿಮೆ ಅದು. ಖಂಡಿತ ಖರ್ಚು ಮಾಡಿ.

ಗ್ಯಾಸ್ ಹಿಡಿಯುವಾಗ ಜೀವ ಮೊದಲು

ಬರುವ ಗ್ಯಾಸಿನಲ್ಲಿ ಮೀಥೇನ್ ಜೊತೆ ಇಂಗಾಲದ ಡೈಆಕ್ಸೈಡ್, ನೀರಾವಿ, ಹೈಡ್ರೋಜನ್ ಸಲ್ಫೈಡ್ ಇರುತ್ತವೆ. ಕೊನೆಯದು ಕೊಳೆತ ಮೊಟ್ಟೆಯ ನಾತದ್ದು. ಅದು ಎಂಜಿನ್ನನ್ನು ತಿಂದುಹಾಕುತ್ತದೆ, ಮನುಷ್ಯರನ್ನು ಕೊಲ್ಲುತ್ತದೆ. ಜಾಸ್ತಿ ಇದ್ದಾಗ ಮೂಗೇ ಮರಗಟ್ಟಿ ವಾಸನೆ ಗೊತ್ತಾಗುವುದಿಲ್ಲ. ವಾಸನೆ ಹೋಯಿತು ಎಂದರೆ ಗ್ಯಾಸ್ ಹೋಯಿತು ಎಂದಲ್ಲ.

ಅದನ್ನು ತೆಗೆಯಲು ತುಕ್ಕು ಹಿಡಿದ ಕಬ್ಬಿಣ ಸಾಕು. ಪೀಣ್ಯದ ಲೇತ್ ಅಂಗಡಿಗಳಲ್ಲಿ ಕಬ್ಬಿಣದ ತುರಿ ಸಿಗುತ್ತದೆ. ಅದರ ಎಣ್ಣೆ ತೊಳೆದು, ನೀರು ಚಿಮುಕಿಸಿ ತುಕ್ಕು ಹಿಡಿಸಿ, ಮರದ ಹೊಟ್ಟಿನ ಜೊತೆ ಡ್ರಮ್ಮಿನಲ್ಲಿ ತುಂಬಿ ಗ್ಯಾಸ್ ಹಾಯಿಸಿ. ಕಪ್ಪಾದ ಮೇಲೆ ಬದಲಿಸಬೇಕು. ಬದಲಿಸುವಾಗ ಹುಷಾರು: ಹೊರಗೆ ತೆಗೆದ ಕಪ್ಪು ತುರಿ ಗಾಳಿ ತಾಗಿದರೆ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಚೆನ್ನಾಗಿ ನೆನೆಸಿ, ಬಯಲಲ್ಲಿ ತೆಳುವಾಗಿ ಹರಡಿ.

ಗಾಳಿಯಲ್ಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಒಂದು ಕಿಡಿಗೆ ಸಿಡಿಯುತ್ತದೆ. ಪೈಪಿನಲ್ಲಿ ಬೆಂಕಿ ತಡೆಯುವ ಜಾಲರಿ, ನೀರಿನ ಸೀಲ್, ಒತ್ತಡ ಬಿಡುವ ಕವಾಟ, ಇವು ಇಲ್ಲದೆ ಒಲೆ ಹಚ್ಚಬೇಡಿ. ಉಳಿದ ಗ್ಯಾಸ್ ಸುಡಲು ಫ್ಲೇರ್ ಇರಲಿ. ಸುಮ್ನೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ.

ಮತ್ತೆ, ಯಾರನ್ನೂ ಸಂಪಿನೊಳಗೆ, ರಿಯಾಕ್ಟರಿನೊಳಗೆ ಇಳಿಸಬೇಡಿ. ಎರಡೇ ನಿಮಿಷ, ಹಗ್ಗ ಕಟ್ಟಿಕೊಂಡು, ಎಂಬ ಮಾತಿಗೆ ಒಪ್ಪಬೇಡಿ. ಮಲಗುಂಡಿ, ಮ್ಯಾನ್‌ಹೋಲುಗಳಲ್ಲಿ ನಮ್ಮ ಊರಿನಲ್ಲಿ ಎಷ್ಟು ಜನ ಹೀಗೇ ಸತ್ತಿದ್ದಾರೆ. ಒಬ್ಬನನ್ನು ಎತ್ತಲು ಹೋಗಿ ಇನ್ನೊಬ್ಬ ಹೋಗಿದ್ದಾನೆ. ಹೊರಗಿನಿಂದಲೇ ತೊಳೆಯುವ, ಹೊರಗಿನಿಂದಲೇ ಕೆಸರು ಎಳೆಯುವ ಪೈಪುಗಳನ್ನು ನಕ್ಷೆಯಲ್ಲೇ ಕೇಳಿ ಹಾಕಿಸಿ. ಆಮೇಲೆ ಹಾಕಿಸಲು ಆಗುವುದಿಲ್ಲ.

ಗ್ಯಾಸ್ ಎಲ್ಲಿ ಬಳಸಬೇಕು? ಮೊದಲು ರಿಯಾಕ್ಟರ್ ಬಿಸಿಗೆ, ಆಮೇಲೆ ಹತ್ತಿರದ ಅಡುಗೆಮನೆಗೆ, ಪೌರಕಾರ್ಮಿಕರ ಸ್ನಾನದ ಬಿಸಿನೀರಿಗೆ. ದಿನಾ ಒಂದೇ ಸಮ ಗ್ಯಾಸ್ ಬರುವುದು ಆರು ತಿಂಗಳು ಖಾತ್ರಿಯಾದ ಮೇಲೆ ಎಂಜಿನ್ ಯೋಚನೆ ಮಾಡಿ. ಮೊದಲ ದಿನವೇ ಜನರೇಟರ್ ಕೊಂಡು, ಅದು ತುಕ್ಕು ಹಿಡಿದು ನಿಂತಿರುವ ಘಟಕಗಳನ್ನು ನೋಡಿದ್ದೇನೆ.

ವಿದ್ಯಾರ್ಥಿಗಳು ಮೈಕ್ರೋಬಿಯಲ್ ಫ್ಯೂಯೆಲ್ ಸೆಲ್ ಬಗ್ಗೆ ಕೇಳುತ್ತಾರೆ. ಸೂಕ್ಷ್ಮಜೀವಿಗಳಿಂದ ನೇರವಾಗಿ ಕರೆಂಟ್ ತೆಗೆಯುವ ಆಲೋಚನೆ ಹಳೇದು, ಇಂಗ್ಲೆಂಡಿನ ವಿಜ್ಞಾನಿ ಪಾಟರ್ 1911ರಲ್ಲೇ ತೋರಿಸಿದ್ದ. ಲೀಚೇಟ್ ಇಟ್ಟು ಕಾಲೇಜು ಪ್ರಾಜೆಕ್ಟ್ ಮಾಡಲು ತುಂಬಾ ಚೆನ್ನಾಗಿದೆ. ದಿನಕ್ಕೆ ಸಾವಿರಾರು ಲೀಟರ್ ನಿಭಾಯಿಸಬೇಕಾದವರು ಮೀಥೇನ್ ದಾರಿಯಲ್ಲೇ ಹೋಗಿ.

ಅಮೋನಿಯಾ ಉಳಿಯಿತಲ್ಲ

ಗ್ಯಾಸ್ ಬಂತು, ಸಿಓಡಿ ಇಳಿಯಿತು. ಆದರೆ ರಿಯಾಕ್ಟರಿಂದ ಹೊರಬಂದ ನೀರು ಇನ್ನೂ ಶುದ್ಧವಾಗಿಲ್ಲ. ಅಮೋನಿಯಾ ಹಾಗೇ ಇದೆ, ಪ್ರೋಟೀನ್ ಒಡೆದು ಇನ್ನಷ್ಟು ಸೇರಿದೆ. ಹಳೇ ಗುಡ್ಡದ ನೀರು ಈ ಹಂತದಲ್ಲಿ ಬಂದು ಸೇರಬೇಕು. ಅದಕ್ಕೆ ಯುಎಎಸ್‌ಬಿ ಬೇಕಿಲ್ಲ.

ಗಾಳಿ ಊದುವ ತೊಟ್ಟಿಯಲ್ಲಿ ಅಮೋನಿಯಾ ನೈಟ್ರೇಟ್ ಆಗುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ನೈಟ್ರೇಟ್ ಸಾರಜನಕವಾಗಿ ಆಕಾಶಕ್ಕೆ ಹೋಗುತ್ತದೆ. ಮೊದಲ ಕೆಲಸದಲ್ಲಿ ಒಂದು ಕಿಲೋ ಸಾರಜನಕಕ್ಕೆ 7.14 ಕಿಲೋ ಕ್ಷಾರತೆ ಖರ್ಚಾಗುತ್ತದೆ, ಎರಡನೆಯದರಲ್ಲಿ ಅದರ ಅರ್ಧ ವಾಪಸ್ ಬರುತ್ತದೆ. ಈ ಎರಡನೇ ಕೆಲಸ ಮಾಡುವ ಜೀವಿಗಳಿಗೆ ತಿನ್ನಲು ಇಂಗಾಲ ಬೇಕು. ಹಳೇ ನೀರಿನಲ್ಲಿ ಅದು ಇಲ್ಲ. ಎಷ್ಟೋ ಕಡೆ ಮೆಥನಾಲ್, ಬೆಲ್ಲದ ಕಾಕಂಬಿ ಕೊಂಡು ಹಾಕುತ್ತಾರೆ.

ಬೆರೆಸಬೇಡಿ, ಬೆರೆಸಬೇಡಿ ಎಂದು ಇಷ್ಟು ಹೊತ್ತು ಹೇಳಿದೆ. ಇಲ್ಲಿ ಮಾತ್ರ ಬೆರೆಸಿ, ಅಳತೆ ಮಾಡಿ. ಹೊಸ ಲೀಚೇಟ್‌ನಲ್ಲಿ ಇಂಗಾಲ ಬೇಕಾದಷ್ಟಿದೆ. ಹಳೇ ನೀರಿನ ಆ 30 ಕಿಲೋ ಸಾರಜನಕಕ್ಕೆ ಒಂದು ಕಿಲೋಗೆ 5 ಕಿಲೋ ಸಿಓಡಿಯಂತೆ 150 ಕಿಲೋ, ಅಂದರೆ ನಮ್ಮ ಉದಾಹರಣೆಯ 5,000 ಲೀಟರ್. ಕಾಲು ಭಾಗ ಗ್ಯಾಸ್ ಕಳೆದುಕೊಂಡಂತಾಯಿತು, ಹೊಸ ನೀರು ತನ್ನದೂ ಸ್ವಲ್ಪ ಅಮೋನಿಯಾ ತರುತ್ತದೆ. ಕೊಂಡು ತರುವ ಇಂಗಾಲದ ಬೆಲೆ, ಸಿಗುವ ಗ್ಯಾಸಿನ ಬೆಲೆ ಎರಡನ್ನೂ ಪಕ್ಕಪಕ್ಕ ಬರೆದು ನಿರ್ಧರಿಸಿ. ನನ್ನ ಅನುಭವದಲ್ಲಿ ಸಣ್ಣ ಘಟಕಕ್ಕೆ ಹೊಸ ಲೀಚೇಟ್ ಬಳಸುವುದೇ ನೆಮ್ಮದಿ, ಲಾರಿ ಬರಲಿಲ್ಲ ಎಂದು ಕೆಲಸ ನಿಲ್ಲುವುದಿಲ್ಲ.

ಅನಾಮಾಕ್ಸ್ ಎಂಬ ಇನ್ನೊಂದು ದಾರಿ ಇದೆ. ಅಮೋನಿಯಾ ಮತ್ತು ನೈಟ್ರೈಟನ್ನು ಜೋಡಿಸಿ ನೇರ ಸಾರಜನಕ ಮಾಡುವ ಜೀವಿಗಳು. ಇಂಗಾಲ ಬೇಡ, ಗಾಳಿಯ ಖರ್ಚು ಅರ್ಧಕ್ಕಿಂತ ಕಡಿಮೆ. ರೋಟರ್‌ಡ್ಯಾಮಿನಲ್ಲಿ 2002ರಲ್ಲಿ ಮೊದಲ ದೊಡ್ಡ ಘಟಕ ಶುರುವಾಯಿತು. ಹಳೇ ಲೀಚೇಟ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಈ ಜೀವಿಗಳು ದುಪ್ಪಟ್ಟಾಗಲು ವಾರಕ್ಕಿಂತ ಜಾಸ್ತಿ ಬೇಕು, ಒಂದು ತಪ್ಪಿಗೆ ತಿಂಗಳು ಕಳೆಯುತ್ತದೆ. ನುರಿತ ಕೈ ಇದ್ದರೆ ಮಾತ್ರ.

ನೀರು ಎಲ್ಲಿಗೆ, ಕೆಸರು ಎಲ್ಲಿಗೆ

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ, ಸಂಸ್ಕರಿಸಿದ ಲೀಚೇಟನ್ನು ಕೆರೆ, ಹೊಳೆಯಂಥ ಒಳನಾಡಿನ ಮೇಲ್ಮೈ ನೀರಿಗೆ ಬಿಡಬೇಕಾದರೆ ಇರಬೇಕಾದ ಮಿತಿ ಹೀಗಿತ್ತು: ಲೀಟರಿಗೆ ಬಿಓಡಿ 30, ಸಿಓಡಿ 250, ಅಮೋನಿಯಾ ಸಾರಜನಕ 50, ಕ್ಲೋರೈಡ್ 1,000, ಕರಗಿದ ಲವಣ 2,100 ಮಿಲಿಗ್ರಾಂ. ಮೊದಲ ಮೂರನ್ನು ಸೂಕ್ಷ್ಮಜೀವಿಗಳು ಇಳಿಸಬಲ್ಲವು, ಹಳೇ ನೀರಿನ ಗಟ್ಟಿ ಸಿಓಡಿಗೆ ಕೊನೆಯಲ್ಲಿ ಇದ್ದಿಲು ಬೇಕಾಗಬಹುದು. ಆದರೆ ಉಪ್ಪನ್ನು ಯಾವ ಜೀವಿಯೂ ತಿನ್ನುವುದಿಲ್ಲ. ಆರ್‌ಓ ಹಾಕಿದರೆ ನಾಲ್ಕೈದರಲ್ಲಿ ಒಂದು ಪಾಲು ಗಟ್ಟಿ ಉಪ್ಪು ನೀರಾಗಿ ಉಳಿಯುತ್ತದೆ. ಅದನ್ನು ಮತ್ತೆ ಗುಡ್ಡದ ಮೇಲೇ ಸುರಿದರೆ ಉಪ್ಪು ಸುತ್ತುತ್ತಲೇ ಇರುತ್ತದೆ.

ನಾನು ಹೇಳುವುದು, ಮೊದಲು ಒಳಗೇ ಬಳಸಿ. ಕಾಂಪೋಸ್ಟ್ ಸಾಲುಗಳು ಒಣಗುತ್ತಲೇ ಇರುತ್ತವೆ, ಬೇಸಿಗೆಯಲ್ಲಿ ಅವಕ್ಕೇ ಎಷ್ಟೋ ನೀರು ಬೇಕು. ಲಾರಿ ಓಡಾಡುವ ದಾರಿಯ ಧೂಳಿಗೆ ಬೇಕು. ಜಾಗ ಇದ್ದರೆ ಜಲ್ಲಿ ತುಂಬಿದ ತೊಟ್ಟಿಯಲ್ಲಿ ಜೊಂಡು, ಲಾವಂಚ ಬೆಳೆಸಿ ನೀರು ಹಾಯಿಸಿ, ಕೊನೆಯ ಶುದ್ಧಿಗೆ ಚೆನ್ನಾಗಿ ಒದಗುತ್ತವೆ. ಗಿಡಮರಗಳಿಗೆ ಬಿಡುವ ಮುಂಚೆ ಕ್ಲೋರೈಡ್ ನೋಡಿ, ಇಲ್ಲವಾದರೆ ಎಲೆಯ ಅಂಚು ಸುಟ್ಟುಹೋಗುತ್ತದೆ. ರಾಜಕಾಲುವೆಗೆ ಬಿಡುವ ಪೈಪನ್ನು ಇಡಲೇಬೇಡಿ. ಇದ್ದರೆ ಒಂದಲ್ಲ ಒಂದು ಮಳೆಯ ರಾತ್ರಿ ಯಾರಾದರೂ ತೆರೆಯುತ್ತಾರೆ, ಆ ನೀರು ಕೆರೆಗೆ ಹೋಗುತ್ತದೆ.

ಜಾಸ್ತಿಯಾದ ಕೆಸರನ್ನು ಮರಳಿನ ಹಾಸಿನ ಮೇಲೆ ಒಣಗಿಸಿ. ಭಾರಲೋಹ ಪರೀಕ್ಷೆ ಮಾಡಿಸದೆ ಗೊಬ್ಬರಕ್ಕೆ ಸೇರಿಸಬೇಡಿ. ಯುಎಎಸ್‌ಬಿಯ ಒಳ್ಳೆಯ ಕಾಳು ಕೆಸರನ್ನು ಮಾತ್ರ ಎಸೆಯಬೇಡಿ, ಹೊಸ ಘಟಕ ಶುರು ಮಾಡುವ ಯಾರಿಗಾದರೂ ಅದು ಹೆಪ್ಪು.

ನಿಲ್ಲಿಸಿ ಮತ್ತೆ ಶುರು ಮಾಡುವಾಗ

ಮುಷ್ಕರ, ರಿಪೇರಿ, ಟೆಂಡರ್ ತಕರಾರು, ಏನೋ ಒಂದು ಕಾರಣಕ್ಕೆ ಘಟಕ ತಿಂಗಳುಗಟ್ಟಲೆ ನಿಲ್ಲುವುದುಂಟು. ಹೆದರಬೇಡಿ, ರಿಯಾಕ್ಟರನ್ನು ಖಾಲಿ ಮಾಡಬೇಡಿ. ಮೀಥೇನ್ ಮಾಡುವ ಕೆಸರು ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತದೆ. ಗಾಳಿ ಒಳಗೆ ಹೋಗದಂತೆ ಮುಚ್ಚಿ, ನೀರಿನ ಸೀಲ್ ಒಣಗದಂತೆ ವಾರಕ್ಕೊಮ್ಮೆ ತುಂಬಿಸಿ. ಮತ್ತೆ ಶುರು ಮಾಡುವ ದಿನ ಮೊದಲು ಮರುಹರಿವಿನ ಪಂಪ್ ಮಾತ್ರ ಒಂದು ದಿನ ಓಡಿಸಿ. ಹುಳಿ, ಕ್ಷಾರತೆ ಅಳೆಯಿರಿ. ನಿಲ್ಲಿಸಿದಾಗ ಎಷ್ಟು ಊಟ ಹಾಕುತ್ತಿದ್ದಿರೋ ಅದರ ನಾಲ್ಕರಲ್ಲಿ ಒಂದು ಪಾಲಿನಿಂದ ಶುರು ಮಾಡಿ. ಮೂರು ದಿನ ಅಷ್ಟೇ ಇರಲಿ. ನಾಲ್ಕನೇ ದಿನ ಒಲೆ ಹಚ್ಚಿ ನೋಡಿ. ಉರಿ ನೀಲಿಯಾಗಿ ನಿಂತರೆ ಊಟ ಅರ್ಧಕ್ಕೆ ಏರಿಸಿ.